ಮಡಚಿದ ಮೊಣಕಾಲು

“ಕುಂದ್ರಿ, ಹಾಜಿಸಾಬ್.”

“ನಾನೇನ್ರಿ ಮೇಡಂ? ಇದರ ಮ್ಯಾಲ?”

“ಹೌದು, ನೀವೇ. ಕಾಲು ಮಡಚಿ ಕುಂದ್ರಬೇಕು. ನೆಲದ ಮ್ಯಾಲ ಊಟಕ್ಕ ಕುಂತಂಗ.”

ಹೆಡ್ ಕಾನ್ಸ್‌ಟೇಬಲ್ ಹಾಜಿಸಾಬ ಕುರ್ಚಿಯನ್ನು ನೋಡಿದ, ಇನ್‌ಸ್ಪೆಕ್ಟರ್ ಗುರುದೇವಿಯ ಮುಖ ನೋಡಿದ, ಆಮೇಲೆ ಗಾಜಿನ ಗೋಡೆಯಾಚೆ ಕೆಳಗೆಲ್ಲೋ ಹರಡಿಕೊಂಡಿದ್ದ ಸೇಡಂ ಊರನ್ನೂ ಒಮ್ಮೆ ನೋಡಿದ. ಐದೂರು ಬ್ಯಾಂಕಿನ ಅಧ್ಯಕ್ಷರ ಕುರ್ಚಿ ಅದು. ಚರ್ಮದ್ದು, ಕೆಳಗೆ ಗಾಲಿ ಇದ್ದದ್ದು, ಮುಟ್ಟಿದರೆ ಗರ್ರನೆ ತಿರುಗುವಂಥದ್ದು. ಮಂಗಳವಾರ ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಅಧ್ಯಕ್ಷ ಬಸವಂತರಾಯರ ಹೆಣ ಪದ್ಮಾಸನ ಹಾಕಿಕೊಂಡು ಕೂತಿತ್ತು. ಕತ್ತು ಬಿಗಿದು ಕೊಂದವನೆಂದು ಲಿಫ್ಟ್ ನಡೆಸುವ ಸಾಯಿಕುಮಾರನನ್ನು ನಿನ್ನೆ ಹಿಡಿದು ತಂದು ಲಾಕಪ್ಪಿಗೆ ಹಾಕಲಾಗಿತ್ತು. ಇವತ್ತು ಸಂಜೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ಹಾಜಿಸಾಬ ಮನಸ್ಸಿಲ್ಲದ ಮನಸ್ಸಿನಿಂದ ಬೂಟು ಬಿಚ್ಚಿದ. ಕುರ್ಚಿಯ ಮೇಲೆ ಕೂತು ಒಂದು ಕಾಲು ಎತ್ತಿಟ್ಟ. ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಕುರ್ಚಿ ತಾನೇ ಹಿಂದಕ್ಕೆ ಸರಿದು, ಅರ್ಧ ಸುತ್ತು ತಿರುಗಿ, ಅವನ ಹೊಟ್ಟೆಯನ್ನೂ ಅವನನ್ನೂ ಹೊತ್ತುಕೊಂಡು ಹೋಗಿ ಗಾಜಿನ ಗೋಡೆಗೆ ಬಡಿಯಿತು.

“ಯಾ ಅಲ್ಲಾ!” ಎಂದು ಅವನು ಎರಡೂ ಕೈಯಿಂದ ಮೇಜನ್ನು ಹಿಡಿಯಲು ನೋಡಿದ. ಮೇಜು ಎಟುಕಲಿಲ್ಲ.

“ತಿಳೀತೇನ್ರಿ?”

“ತಿಳೀತ್ರಿ. ಈ ಕುರ್ಚಿ ಸುಮಾರದ.”

“ಕುರ್ಚಿ ಛಲೋನೇ ಅದ. ಜೀವ ಇದ್ದ ಮನಷ್ಯಾ ನೀವು, ನಿಮಗೇ ಹಿಂಗ ಆತು. ಜೀವ ಹೋಗೋ ಹೊತ್ತಿನ್ಯಾಗ ಒದ್ದಾಡಿದವರು ಇದರ ಮ್ಯಾಲ ಪದ್ಮಾಸನ ಹಾಕಿ ಬೆಳತನಕ ಅಲುಗದಂಗ ಹ್ಯಾಂಗ ಕುಂತರು?”

ಗುರುದೇವಿ ಮೊಬೈಲಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ತೋರಿಸಿದಳು. ಮಂಗಳವಾರ ಬೆಳಿಗ್ಗೆ ತೆಗೆದದ್ದು. ಎಲ್ಲರೂ ಮುಖವನ್ನೇ ನೋಡಿದ್ದರು, ಗಾಲಿಯನ್ನು ಯಾರೂ ನೋಡಿರಲಿಲ್ಲ. ಮುಂದಿನ ಒಂದು ಗಾಲಿಗೆ ಒಂದು, ಹಿಂದಿನ ಒಂದಕ್ಕೆ ಇನ್ನೊಂದು, ಹೀಗೆ ಎರಡು ಕಲ್ಲಿನ ತುಂಡುಗಳನ್ನು ಒತ್ತಿ ಇಟ್ಟಿದ್ದರು. ಶಹಾಬಾದಿನ ಪರಸಿಯ, ಅಂದರೆ ಹಾಸುಗಲ್ಲಿನ, ನಮೂನೆ ತುಂಡುಗಳು. ಕಟ್ಟಡಕ್ಕೆ ಕಲ್ಲು ಆರಿಸುವಾಗ ಬಂದವು, ಆಮೇಲೆ ಕಾಗದ ಹಾರದಂತೆ ಒತ್ತಿಡಲು ಮೇಜಿನ ಮೇಲೆ ಉಳಿದವು. ಈಗ ಅವು ಮತ್ತೆ ಮೇಜಿನ ಮೇಲೇ ಇದ್ದವು. ಕೋಣೆ ಗುಡಿಸಿದ ಯಾರೋ ಜೋಪಾನವಾಗಿ ಎತ್ತಿಟ್ಟಿದ್ದರು.

ಅವಳು ಕುರ್ಚಿಯನ್ನು ಎಳೆದು ತಂದು ಕಲ್ಲುಗಳನ್ನು ಗಾಲಿಗೆ ಒತ್ತಿದಳು. ಕುರ್ಚಿ ಬಂಡೆಯ ಹಾಗೆ ನಿಂತಿತು.

“ಕೊಲಿ ಮಾಡಾವ ಕುರ್ಚಿ ಅಲುಗದಂಗ ಯಾಕ ನೋಡ್ತಾನ್ರಿ ಮೇಡಂ? ಬಿದ್ರ ಬೀಳ್ಲಿ ಅಂತ ಓಡಿ ಹೋಗ್ತಾನ.”

“ಅದನ್ನೇ ಕೇಳಾಕತ್ತೀನಿ. ಸತ್ತವರು ಬೀಳಬಾರದು ಅಂತ ಕಾಳಜಿ ಮಾಡಿದವರು ಯಾರು?”

ಈ ಕಟ್ಟಡದ ಹೆಸರು ಐದೂರು ಭವನ. ಹಾಗೆಂದು ಯಾರೂ ಕರೆಯುವುದಿಲ್ಲ. ಊರ ಬಾಯಲ್ಲಿ ಅದು ಬಾರಾ ಮಂಜಿಲ್, ಹನ್ನೆರಡಂತಸ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂರಿನ ಬ್ಯಾಂಕಿಗೆ ಒಂದು ಮುಖ್ಯ ಕಚೇರಿ ಬೇಕೆಂದರು ಬಸವಂತರಾಯರು. ಎರಡಂತಸ್ತು ಧಾರಾಳವಾಗಿ ಸಾಕಿತ್ತು. ಆದರೆ ಕುರಕುಂಟಾ ಹಳ್ಳಿಯ ಹೊಲದಲ್ಲಿ ತೊಗರಿ ನೋಡುತ್ತ ನಿಂತವನಿಗೂ ತಮ್ಮ ಬ್ಯಾಂಕು ಕಾಣಬೇಕೆಂಬ ಹಟ ಹನ್ನೆರಡಕ್ಕೆ ಏರಿತು. ಕೆಳಗಿನ ಮೂರು ಅಂತಸ್ತಿನಲ್ಲಿ ಬ್ಯಾಂಕು, ತುದಿಯ ಒಂದರಲ್ಲಿ ಅಧ್ಯಕ್ಷರು, ನಡುವೆ ಪಾರಿವಾಳಗಳ ಸಂಸಾರ. ಕರೆಂಟು ಹೋದರೆ ಲಿಫ್ಟು ನಿಲ್ಲುತ್ತದೆ. ಜನರೇಟರಿಗೆ ಡೀಸೆಲ್ ಹಾಕುವುದು ಮಂತ್ರಿಗಳು ಬಂದ ದಿನ ಮಾತ್ರ. ಕಟ್ಟಲು ಇದ್ದ ಉಮೇದು ನಡೆಸಲು ಇರಲಿಲ್ಲ. ನಮ್ಮ ಕಡೆ ದೊಡ್ಡ ಕೆಲಸಗಳ ಹಣೆಬರಹವೇ ಇಷ್ಟು.

ಕೆಳಗೆ ಒಳಗೆ ಕಾಲಿಟ್ಟ ಕೂಡಲೇ ಎದುರಿನ ಗೋಡೆಯ ಮೇಲೆ, ಮನುಷ್ಯರೆಲ್ಲ ಒಂದೇ ಎನ್ನುವ ಶರಣರ ವಚನವೊಂದನ್ನು ಕೆತ್ತಿಸಿ ಅಕ್ಷರಕ್ಕೆ ಬಂಗಾರದ ಬಣ್ಣ ತುಂಬಿಸಿದ್ದಾರೆ. ಅದರ ಪಕ್ಕದಲ್ಲೇ ಲಿಫ್ಟು. ಅಧ್ಯಕ್ಷರು ಬಂದರೆ ಸಾಯಿಕುಮಾರ ಬಾಗಿಲು ತೆರೆದು, ಗುಂಡಿ ಒತ್ತಿ, ಹೊರಗೆ ಬಂದುಬಿಡಬೇಕು. ಅವರು ಒಬ್ಬರೇ ಮೇಲೇರುತ್ತಾರೆ. ಅವರ ಚೀಲ ಹೊತ್ತುಕೊಂಡು ಅವನು ಮೆಟ್ಟಿಲು ಹತ್ತಿ ಹಿಂದಿನಿಂದ ಬರಬೇಕು. ಅವನ ಕೇರಿಯವರ ಜೊತೆ ಒಂದೇ ಡಬ್ಬಿಯಲ್ಲಿ ನಿಂತು ಹೋಗುವುದು ಬಸವಂತರಾಯರಿಗೆ ಆಗಿಬರುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಸಾಯಿಕುಮಾರ ಎಲ್ಲರೆದುರು ಕೇಳಿಬಿಟ್ಟಿದ್ದ, “ನನ್ನ ನೌಕರಿ ಲಿಫ್ಟಿಂದೋ ಮೆಟ್ಟಲದ್ದೋ ಹೇಳ್ರಿ ಸರ” ಎಂದು. ಆ ಮಾತೇ ಈಗ ಕೊಲೆಗೆ ಕಾರಣವೆಂದು ಪೊಲೀಸರ ಕಾಗದದಲ್ಲಿ ಕೂತಿತ್ತು.

ಉಳಿದದ್ದನ್ನು ಶವಪರೀಕ್ಷೆ ಮಾಡಿದ ಡಾಕ್ಟರ್ ಲಕ್ಷ್ಮಿಕಾಂತ ಪೂರ್ತಿ ಮಾಡಿದ್ದರು. ಕತ್ತಿಗೆ ಬಟ್ಟೆ ಬಿಗಿದು ಉಸಿರುಗಟ್ಟಿಸಿದ ಸಾವು. ಗದ್ದದ ಕೆಳಗೆ ಗುರುತು ಸ್ಪಷ್ಟವಾಗಿದೆ.

ಗುರುದೇವಿಯ ಮೇಲಿನ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಅವಳ ಸಮಾಜದ ಹಿರಿಯರಿಗಂತೂ ಬೇಕಾದದ್ದೇ ಅದು. “ತಂಗೀ, ನಮ್ಮವರ ಮನಿ ಮರ್ಯಾದಿ. ಭಾಳ ಕೆದಕಬ್ಯಾಡ” ಎಂದು ಮೂವರು ಫೋನ್ ಮಾಡಿದ್ದರು. ಮೂವರೂ ಅವಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದವರೇ.

ಆದರೆ ಬೆಳಿಗ್ಗೆ ಅವಳು ಒಳಗೆ ಬರುವಾಗ ಆ ವಚನದ ಗೋಡೆಯ ಬುಡದಲ್ಲಿ ಸಾಯಿಕುಮಾರನ ತಾಯಿ ಅನಸುಬಾಯಿ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು. ಎದ್ದು ನಿಂತು ಒಂದೇ ಮಾತು ಕೇಳಿದಳು.

“ಯವ್ವಾ, ನನ್ನ ಮಗ ಅವರ ಕಾಲಿಗಿ ಬೀಳಬೇಕಾದ್ರೂ ದೂರ ನಿಂತೇ ಬೀಳ್ತಿದ್ದ. ಕುತ್ತಿಗಿತನಕ ಅವನ ಕೈ ಹ್ಯಾಂಗ ಮುಟ್ಟಿತು?”

ಗುರುದೇವಿ ನೇರ ಹೋಗಿ ಲಿಫ್ಟು ಹತ್ತಿದ್ದಳು. ನಾಚಿಕೆಯಾಗಿತ್ತು. ಆ ನಾಚಿಕೆ ಇನ್ನೂ ಇಳಿದಿರಲಿಲ್ಲ.

*

ಶರಣಕುಮಾರ ಬಂದಾಗ ಮಧ್ಯಾಹ್ನದ ಬಿಸಿಲು ಗಾಜಿನಿಂದ ನೇರ ಒಳಗೆ ಬೀಳುತ್ತಿತ್ತು. ಬಸವಂತರಾಯರ ಅಣ್ಣನ ಮಗ ಅವನು, ಬ್ಯಾಂಕಿನ ಜನರಲ್ ಮ್ಯಾನೇಜರ್. ಹಣೆಗೆ ವಿಭೂತಿ, ಬಿಳಿ ಅಂಗಿ, ಗಡ್ಡ ಬೋಳಿಸಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

“ಕರಸಿದ್ರಂತ, ಮೇಡಂ.”

“ಬರ್ರಿ, ಶರಣಕುಮಾರ. ಕುಂದ್ರಿ.” ಅವಳು ಅವನ ಚಿಕ್ಕಪ್ಪನ ಕುರ್ಚಿಯನ್ನೇ ತೋರಿಸಿದಳು.

ಅವನು ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಕಣ್ಣು ಗಾಲಿಯ ಹತ್ತಿರದ ಕಲ್ಲುಗಳ ಮೇಲೆ ಬಿದ್ದಿತ್ತು.

“ಅದರ ಮ್ಯಾಲ ಬ್ಯಾಡ್ರಿ. ಇಲ್ಲೇ ನಿಲ್ತೀನಿ.”

“ಯಾಕ? ಮುಂದಿನ ಅಧ್ಯಕ್ಷರು ನೀವೇ ಅಂತ ಊರೆಲ್ಲ ಮಾತಾಡಾಕತ್ತದ.”

“ಊರು ಏನರೆ ಮಾತಾಡ್ತದ. ನನಗ ಆ ಕುರ್ಚಿ ಬ್ಯಾಡ.”

“ನಿಮ್ಮ ಕಾಕಾರು ಅದರ ಮ್ಯಾಲ ಹ್ಯಾಂಗ ಕುಂತಿದ್ರು?”

“ಪೂಜಿಗಿ ಕುಂತಂಗ ಕುಂತಿದ್ರು. ಎಲ್ಲಾರೂ ನೋಡ್ಯಾರ. ಲಿಂಗಪೂಜಿ ಮಾಡೋ ಹೊತ್ತಿಗಿ ಆ ಹುಡುಗ ಬಂದು...”

“ಅವರು ಪೂಜಿಗಿ ದಿನಾ ಎಲ್ಲಿ ಕುಂದ್ರತಿದ್ರು?”

“ಇಲ್ಲೇ, ಇಲ್ಲೇ ಎಲ್ಲಾರ...”

“ಅಲ್ಲಿ ಮೂಲ್ಯಾಗ ಮರದ ಕುರ್ಚಿ ಅದ. ಮುಂದ ಕಟಗಿ ಮಣಿ ಅದ, ಮಣಿ ಮ್ಯಾಲ ವಿಭೂತಿ ಗಟ್ಟಿ ಅದ. ಕಾಲು ಇಳಿಬಿಟ್ಟುಕೊಂಡು ಅಲ್ಲಿ ಕುಂದ್ರತಿದ್ರು. ನಿಮ್ಮ ಕಾಕಾರ ಮಗಳು ಭಾಗ್ಯಜ್ಯೋತಿ ಇವತ್ತು ಮುಂಜಾನೆ ಹೇಳಿದ್ಲು.”

“ಅವತ್ತು ಇಲ್ಲಿ ಕುಂದ್ರೋ ಮನಸ್ಸಾಗಿರಬೇಕು.”

“ಮನಸ್ಸಾದ್ರೂ ಮೊಣಕಾಲು ಕೇಳಬೇಕಲ್ರಿ?”

ಶರಣಕುಮಾರ ಮೂಲೆಯ ಮರದ ಕುರ್ಚಿಯ ಕಡೆ ನೋಡಿದ.

“ಎರಡೂ ಮೊಣಕಾಲಿಗಿ ಹೈದರಾಬಾದಿನ್ಯಾಗ ಆಪರೇಶನ್ ಮಾಡಸಿದ್ರು. ಆಮ್ಯಾಲ ಒಮ್ಮೆನೂ ನೆಲಕ್ಕ ಕುಂತಿಲ್ಲ, ಮದವಿ ಊಟಕ್ಕೂ ಟೇಬಲ್ಲೇ ಬೇಕಿತ್ತು. ಇದನ್ನ ಭಾಗ್ಯಜ್ಯೋತಿನೇ ಹೇಳಿದ್ದು. ಹೇಳೋವಾಗ ಅಕಿಗಿ ತಾನು ಏನ್ ಹೇಳಾಕತ್ತೀನಿ ಅನ್ನೋದು ತಿಳಿದಿದ್ದಿಲ್ಲ. ಅಪ್ಪನ ನೆನಸ್ಕೊಂಡು ಅಳಾಕತ್ತಿದ್ಲು. ನನಗ ಮಾತ್ರ ತಿಳೀತು. ಅವರ ಕಾಲು ಅವರಾಗೇ ಮಡಚಿದ್ದಲ್ಲ. ಯಾರೋ ಹಿಡಿದು ಮಡಚ್ಯಾರ.”

ಬಾಗಿಲ ಬಳಿ ನಿಂತಿದ್ದ ಹಾಜಿಸಾಬ ಮೆಲ್ಲಗೆ ಬಾಗಿಲು ಮುಂದೆ ಮಾಡಿದ.

ಗುರುದೇವಿ ಎದ್ದು ಒಂದು ಬದಿಯ ಉದ್ದಕ್ಕೂ ಇದ್ದ ಗಾಜಿನ ಕಪಾಟಿನ ಮುಂದೆ ನಿಂತಳು. ಒಳಗೆ ಸನ್ಮಾನದ ಶಾಲುಗಳ ರಾಶಿ. ಶಾಲೆಯವರು ಹೊದಿಸಿದ್ದು, ಸಂಘದವರು ಹೊದಿಸಿದ್ದು, ಸಾಲ ಬೇಕಾದವರು ಹೊದಿಸಿದ್ದು. ಎಲ್ಲ ಒಂದೇ ಅಳತೆಗೆ ಮಡಚಿಟ್ಟಿದ್ದರು. ನಡುವೆ ಒಂದು ಮಾತ್ರ ಯಾರೋ ಗಡಿಬಿಡಿಯಲ್ಲಿ ತುರುಕಿದ ಹಾಗೆ ಮುದುಡಿಕೊಂಡಿತ್ತು. ಅವಳು ಅದನ್ನು ಹೊರಗೆಳೆದು ಬಿಡಿಸಿದಳು. ಒಂದು ಕಡೆಯ ಜರಿ ಅಂಚು ಕಿತ್ತುಬಂದಿತ್ತು.

“ಕುರ್ಚಿ ಬೆನ್ನಿನ ಸ್ಕ್ರೂನಾಗ ಜರಿ ಎಳಿ ಸಿಕ್ಕದ. ಇದರದ್ದೇ. ಇನ್ನೊಂದು ಎಳಿ ಎಲ್ಲಿ ಅದ ಹೇಳ್ಲೇನು?”

“ಮೇಡಂ, ಸಾಕ್ರಿ.”

“ನಿಮ್ಮ ಕಾಕಾನ ಬಲಗೈ ಬೆರಳಿನ ಸಂದಿನ್ಯಾಗ. ಫೋಟೋದಾಗ ಕಾಣ್ತದ.”

ಅವನು ಬೆನ್ನಿಗೆ ಆಸರೆ ಹುಡುಕುತ್ತ ಹಿಂದೆ ಸರಿದ. ಹಿಂದೆ ಬರೀ ಗಾಜು, ಅದರ ಹಿಂದೆ ಬರೀ ಆಕಾಶ. ಸರಿದವನು ಮತ್ತೆ ಮುಂದೆ ಬಂದ.

ಗುರುದೇವಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಚಂದ್ರಂಪಳ್ಳಿಯಲ್ಲಿ ಅಜ್ಜಿ ಲಿಂಗೈಕ್ಯಳಾದಾಗ ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಉಸಿರು ನಿಂತಿತು ಎಂದ ಕೂಡಲೇ ಮನೆಯ ಗಂಡಸರು ಅಳುವುದನ್ನು ಬದಿಗಿಟ್ಟು ಕೆಲಸಕ್ಕೆ ಇಳಿದಿದ್ದರು. ಮೈ ಸೆಟೆಯುವ ಮೊದಲು ಕಾಲು ಮಡಚಬೇಕು. ಗೋಡೆಗೆ ಒರಗಿಸಿ ಕೂರಿಸಬೇಕು. ತಲೆ ಜೋಲಬಾರದೆಂದು ಗದ್ದದ ಕೆಳಗೆ ಬಟ್ಟೆ ಕೊಟ್ಟು ಹಿಂದೆ ಗೋಡೆಯ ಮೊಳೆಗೆ ಕಟ್ಟಬೇಕು. ಲಿಂಗವಂತರು ಮಣ್ಣಿಗೆ ಹೋಗುವುದು ಮಲಗಿ ಅಲ್ಲ, ಕೂತು. ಮಲಗಿದ ಹಾಗೇ ಸೆಟೆದುಬಿಟ್ಟರೆ ಕುಣಿಯಲ್ಲಿ ಕೂರಿಸಲು ಬರುವುದಿಲ್ಲ, ಮನೆತನಕ್ಕೆ ಅದು ಜೀವಮಾನದ ಸಂಕಟ.

“ಕೊಲ್ಲಾಕ ಬಂದಾವ ಇದನ್ನೆಲ್ಲ ಮಾಡಂಗಿಲ್ಲ, ಶರಣಕುಮಾರ. ಸಾಯಿಕುಮಾರಗ ಇದು ತಿಳಿಯಂಗೂ ಇಲ್ಲ, ಅವನ ಮನ್ಯಾಗ ಈ ಪದ್ಧತಿ ಇಲ್ಲ. ಇದು ನಮ್ಮ ಮನಿಯವರ ಕೆಲಸ. ಮೊಳಿ ಹೊಡೀಬೇಕಂದ್ರ ಇಲ್ಲಿ ಗ್ವಾಡಿನೇ ಇಲ್ಲ, ಎಲ್ಲಾ ಗಾಜು. ಅದಕ್ಕ ಕುರ್ಚಿ ಬೇಕಾತು. ಕುರ್ಚಿಗಿ ಗಾಲಿ ಅದ, ಅದಕ್ಕ ಕಲ್ಲು ಬೇಕಾದವು. ಕಟ್ಟಾಕ ಶಾಲು ಬೇಕಾತು. ನಾ ಹೇಳಿದ್ರಾಗ ತಪ್ಪಿದ್ರ ಹೇಳ್ರಿ.”

ಶರಣಕುಮಾರ ಹಣೆಯ ವಿಭೂತಿಯನ್ನು ಅಂಗೈಯಿಂದ ಒರೆಸಿಕೊಂಡ. ಬೆವರಿಗೋ, ಬೇರೆ ಯಾವುದಕ್ಕೋ.

“ನಾ ಕೊಂದಿಲ್ರಿ ಮೇಡಂ. ಕೊರಳ ಲಿಂಗದ ಆಣಿ. ಕಾಕಾ ನನ್ನ ಎತ್ತಿ ಆಡಸಿದವರು.”

“ಕೊಂದೀರಿ ಅಂದಿಲ್ಲ. ಕುಂದ್ರಿಸೀರಿ ಅಂದೆ.”

“ಕುಂದ್ರಿಸೀನಿ. ಹೌದ್ರಿ, ನಾನೇ ಕುಂದ್ರಿಸೀನಿ.”

ಆಮೇಲೆ ಅವನು ನಿಲ್ಲಲಿಲ್ಲ. ಶ್ರಾವಣ ಸೋಮವಾರ, ಕಾಕಾ ಉಪವಾಸ ಇದ್ದರು. ಸಕ್ಕರೆ ಕಾಯಿಲೆಯ ಮನುಷ್ಯ ಊಟ ಬಿಟ್ಟರು, ಸೂಜಿ ಮಾತ್ರ ಬಿಡಲಿಲ್ಲ. ಸಂಜೆ ಬ್ಯಾಂಕು ಮುಚ್ಚಿದ ಮೇಲೆ ಕರೆಂಟು ಹೋಯಿತು. ಮೇಲೆ ಒಬ್ಬರೇ ಇದ್ದಾರಲ್ಲ ಎಂದು ಶರಣಕುಮಾರ ಮೆಟ್ಟಿಲು ಹತ್ತಿ ಬಂದು ನೋಡಿದರೆ ಮೇಜಿನ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಕರೆದರೆ ಮಾತಿಲ್ಲ. ಮೈಯೆಲ್ಲ ಬೆವರು. ಅವನು ಡಾಕ್ಟರನ್ನು ಕರೆದ.

“ಡಾಕ್ಟರ್ ಬಂದು ನೋಡಿದ್ರೇನು?”

“ಬಂದ್ರು.” ಅವನು ಕೆಳಗೆ, ನೆಲದ ಕಡೆ ಬೊಟ್ಟು ಮಾಡಿದ. “ಕೆಳಗ ಬಂದ್ರು. ಲಿಫ್ಟ್ ಬಂದ್ ಇತ್ತಲ್ಲ? ಹನ್ನೆರಡು ಮಜಲು ನನ್ನ ಕಡಿಂದ ಹತ್ತಾಕ ಆಗಂಗಿಲ್ಲ ಅಂದ್ರು. ಫೋನಿನ್ಯಾಗೇ ಕೇಳಿದ್ರು, ಮೂಗಿನ ಹತ್ರ ಬೆರಳಿಟ್ಟು ನೋಡು, ಉಸಿರದನೋ ಇಲ್ಲೋ. ನನ್ನ ಕೈ ನಡಗಾಕತ್ತಿತ್ತು, ಕತ್ತಲಿತ್ತು. ನನಗೇನೂ ತಾಕಲಿಲ್ಲ. ಇಲ್ರಿ ಅಂದೆ. ನಾಡಿ? ಇಲ್ರಿ ಅಂದೆ. ಹಂಗಾದ್ರ ಹೋಗ್ಯಾರ ಬಿಡು ಅಂದ್ರು.”

ಗುರುದೇವಿ ಕೈಯಲ್ಲಿದ್ದ ಶಾಲನ್ನು ಮೇಜಿನ ಮೇಲೆ ಇಟ್ಟಳು.

“ಮೈ ಬೆಚ್ಚಗದರಿ ಅಂದೆ. ಈಗ ಹೋದವರ ಮೈ ಬೆಚ್ಚಗೇ ಇರ್ತದ ಅಂದ್ರು. ಲಿಫ್ಟ್ ಯಾವಾಗ ಬರ್ತದೋ ಯಾರಿಗಿ ಗೊತ್ತು? ಇಷ್ಟು ಮ್ಯಾಲಿಂದ ಇಳಿಸೋದು ಹ್ಯಾಂಗ? ಅಷ್ಟೊತ್ತಿಗಿ ಮೈ ಸೆಟದು ಹೋದ್ರ? ಕಾಕಾ ಊರಿಗೆ ದೊಡ್ಡವರು. ಅವರನ್ನ ಕುಣ್ಯಾಗ ಅಡ್ಡ ಮಲಗಿಸಿ ಮಣ್ಣು ಕೊಡೋದೇನು? ನನಗ ಅದೊಂದೇ ತಲ್ಯಾಗ. ಸಾಯಿನ ಮ್ಯಾಲ ಕರದೆ.”

“ಸಾಯಿಕುಮಾರನ?”

“ನನ್ನೊಬ್ಬನ ಕಡಿಂದ ಎತ್ತಾಕ ಆಗಂಗಿದ್ದಿಲ್ಲ. ಅವ ಕಾಲು ಹಿಡದ. ಬ್ಯಾಡ್ರಿ ಸರ, ಅವರಿಗಿ ಸೇರಂಗಿಲ್ಲ ಅಂದ. ನಾನೇ ಬೈದು ಹಿಡಸಿದೆ.”

ಹಾಜಿಸಾಬ ಬಾಗಿಲ ಬಳಿ ತಲೆ ಕೆಳಗೆ ಹಾಕಿದ. ಜೀವವಿದ್ದಾಗ ಒಂದೇ ಲಿಫ್ಟಿನಲ್ಲಿ ನಿಲ್ಲಿಸಿಕೊಳ್ಳದ ಮನುಷ್ಯನ ಕಾಲು ಹಿಡಿಯಲು ಸಾಯಿಕುಮಾರನೇ ಬೇಕಾಯಿತು. ಹಿಡಿದ ತಪ್ಪಿಗೆ ಲಾಕಪ್ಪಿಗೂ ಅವನೇ ಬೇಕಾಯಿತು.

“ಮುಂದ?”

“ಶಾಲು ಕಟ್ಟಿ, ವಿಭೂತಿ ಹಚ್ಚಿ, ಕೆಳಗ ಇಳದ್ವಿ. ಕಾಕಿಗಿ ಹ್ಯಾಂಗ ಹೇಳ್ಲಿ ಅಂತ ಮೆಟ್ಟಲ ಮ್ಯಾಲ ಕುಂತು ಅತ್ತೆ. ಕರೆಂಟ್ ಬಂತು. ಡಾಕ್ಟರ್‌ನ ಕರಕೊಂಡು ಲಿಫ್ಟಿನ್ಯಾಗ ಮ್ಯಾಲ ಬಂದೆ. ದೀಪ ಹಚ್ಚಿ ನೋಡಿದ್ರ...”

ಅವನು ಮುಂದೆ ಹೇಳಲಿಲ್ಲ. ಬಲಗೈ ಎತ್ತಿ ತನ್ನ ಗದ್ದದ ಕೆಳಗೆ ತಂದು, ಇಲ್ಲದ ಬಟ್ಟೆಯೊಂದನ್ನು ಬಿಗಿಯಾಗಿ ಹಿಡಿದು ಎಳೆಯುವ ಹಾಗೆ ಮುಷ್ಟಿ ಮಾಡಿ ತೋರಿಸಿದ.

“ನಾ ಕಟ್ಟೋವಾಗ ಕೈ ತೊಡಿ ಮ್ಯಾಲ ಇಟ್ಟಿದ್ದೆ, ಮೇಡಂ.”

ಸತ್ತವರ ಕೈ ಬಟ್ಟೆ ಹಿಡಿಯುವುದಿಲ್ಲ. ಬಸವಂತರಾಯರು ಸತ್ತಿರಲಿಲ್ಲ. ಸಕ್ಕರೆ ಇಳಿದು ಎಚ್ಚರ ತಪ್ಪಿದ್ದರು, ಅಷ್ಟೇ. ಬಾಯಿಗೆ ಒಂದಿಷ್ಟು ಬೆಲ್ಲ ಹಚ್ಚಿದ್ದರೂ ಕಣ್ಣು ಬಿಡುತ್ತಿದ್ದರೇನೋ. ಅದರ ಬದಲು ಅವರನ್ನು ಭಕ್ತಿಯಿಂದ, ಅಳುತ್ತ, ಒಂದೂ ತಪ್ಪದಂತೆ ಕೂರಿಸಿದರು. ಕತ್ತಲಲ್ಲಿ ಯಾವಾಗಲೋ ಎಚ್ಚರಾಗಿ ಅವರು ತಮ್ಮದೇ ಸನ್ಮಾನದ ಶಾಲನ್ನು ಬಿಡಿಸಿಕೊಳ್ಳಲು ನೋಡಿದ್ದರು. ಎಳೆದಷ್ಟೂ ಅದು ಕತ್ತಿಗೆ ಬಿಗಿದಿತ್ತು. ಹನ್ನೆರಡನೇ ಅಂತಸ್ತಿನಲ್ಲಿ ಕೂಗಿದರೆ ಯಾರಿಗೆ ಕೇಳಬೇಕು, ಪಾರಿವಾಳಗಳಿಗೇ?

ಬಸವಂತರಾಯರನ್ನು ಅವಳು ಬದುಕಿದ್ದಾಗ ಮೆಚ್ಚಿದವಳಲ್ಲ. ಆದರೂ ಈ ಸಾವು ಯಾರಿಗೂ ಬರಬಾರದು ಅನಿಸಿತು.

“ಶಾಲು ಬಿಚ್ಚಿದವರು ಯಾರು?”

“ನಾನೇ. ಡಾಕ್ಟರ್ ಹೇಳಿದ್ರು. ನೀನೇ ಕಟ್ಟಿದ್ದು, ನಾ ಆಗ ಇಲ್ಲಿಗಿ ಹತ್ತೇ ಇಲ್ಲ, ಬಾಯಿ ಬಿಟ್ರ ನೀನೇ ಒಳಗ ಹೋಗ್ತಿ ಅಂದ್ರು. ಮುಂಜಾನೆ ಬ್ಯಾಂಕಿನ ಸಿಪಾಯಿ ನೋಡ್ಲಿ, ಮುಂದಿಂದು ನಾ ನೋಡ್ಕೋತೀನಿ ಅಂದ್ರು. ಕುತ್ತಿಗಿ ಗುರುತಿಗಿ ಒಬ್ಬ ಮನಷ್ಯಾ ಬೇಕಿತ್ತು. ಸಾಯಿ ಜಗಳಾಡಿದ್ದು ಎಲ್ಲಾರೂ ನೋಡಿದ್ರು.”

“ನೀವು ಸುಮ್ಮನಾದ್ರಿ.”

“ಹೌದ್ರಿ. ಸುಮ್ಮನಾದೆ.”

“ಕೆಳಗ ಅವನ ತಾಯಿ ಕುಂತಾಳ. ಬರೋವಾಗ ನೋಡಿರಬೇಕು ನೀವು.”

ಅವನು ನೋಡಿದ್ದ. ಮುಖ ಮುಚ್ಚಿಕೊಂಡು ಅತ್ತ. ಗುರುದೇವಿಗೆ ಅವನ ಕೆನ್ನೆಗೆ ಒಂದು ಬಾರಿಸುವಷ್ಟು ಸಿಟ್ಟು ಬಂತು. ಅಳುವ ಗಂಡಸಿಗೆ ಬಾರಿಸುವುದು ಹೇಗೆ ಎಂದು ಕೈ ತಡೆಯಿತು.

ನಿನ್ನೆ ಲಾಕಪ್ಪಿನ ಕಂಬಿ ಹಿಡಿದು ಸಾಯಿಕುಮಾರ ಹೇಳಿದ್ದ ಮಾತು ಈಗ ಅವಳಿಗೆ ನೆನಪಾಯಿತು. “ಅವತ್ತು ಒಬ್ರು ಬಂದು ಕೆಳಗ ನಿಂತಿದ್ರು ಮೇಡಂ. ಅವರ ಹೆಸರು ಹೇಳಿದ್ರ ನನಗ ಉಳಿಗಾಲ ಇಲ್ಲ.” ಹೆದರಿದ ಹುಡುಗ ಏನೋ ಬಡಬಡಿಸುತ್ತಾನೆಂದು ಅವಳು ಒತ್ತಾಯಿಸಿರಲಿಲ್ಲ.

“ಯಾವ ಡಾಕ್ಟರ್, ಶರಣಕುಮಾರ?”

ಅವನು ತಲೆ ಎತ್ತಿದ.

“ಯಾವ ಡಾಕ್ಟರ್?”

“ನಮ್ಮ ಮನಿ ಡಾಕ್ಟರ್ ಒಬ್ರೇ ಅಲ್ಲೇನ್ರಿ? ಸಂಜಿಕಿ ಎದುರಿನ ಓಣ್ಯಾಗ ಸ್ವಂತ ದವಾಖಾನಿ ನಡಸ್ತಾರ. ಹಗಲ ಸರಕಾರಿ ಡ್ಯೂಟಿ. ಲಕ್ಷ್ಮಿಕಾಂತ ಡಾಕ್ಟರ್.”

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಬದುಕಿದ್ದವನನ್ನು ಸತ್ತನೆಂದು ಹೇಳಿದ ಮನುಷ್ಯನೇ ಆ ಹೆಣವನ್ನು ಕೊಯ್ದು ನೋಡಿ, ಕೊಲೆ ಎಂದು ಬರೆದು ಸಹಿ ಮಾಡಿದ್ದ. ಹತ್ತಲು ಬೇಸರವಾದ ಮೆಟ್ಟಿಲಿನ ಲೆಕ್ಕವನ್ನು ಒಬ್ಬ ಬಡವನ ಕೊರಳಿಗೆ ಕಟ್ಟಿದ್ದ.

“ಹಾಜಿಸಾಬ್,” ಗುರುದೇವಿ ತಟ್ಟನೆ ತಿರುಗಿದಳು. “ಕೋರ್ಟಿಗಿ ಹೋಗೋಕಿಂತ ಮುಂಚೆ ಸಾಯಿಕುಮಾರನ ಮೈ ತಪಾಸಣಿ ಆಗಬೇಕಲ್ಲ? ಎಲ್ಲಿಗಿ ಕರಕೊಂಡು ಹೋಗ್ಯಾರ?”

“ಎಲ್ಲಿಗೂ ಹೋಗಿಲ್ರಿ. ಡಾಕ್ಟರ್ ಸಾಹೇಬ್ರೇ ಠಾಣಿಗಿ ಬಂದು ನೋಡ್ತೀನಿ ಅಂದಾರಂತ. ಯಾವತ್ತೂ ಬಂದವರಲ್ಲ, ಇವತ್ತು ತಾವಾಗೇ...”

ಹೇಳುತ್ತ ಹೇಳುತ್ತ ಅವನಿಗೂ ಅರ್ಥವಾಯಿತು.

ಗುರುದೇವಿ ಠಾಣೆಗೆ ಫೋನ್ ಹಚ್ಚುವ ಮೊದಲೇ ಅವಳ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಲಾಕಪ್ಪಿನ ಪಹರೆಯಲ್ಲಿದ್ದ ಕಾನ್ಸ್‌ಟೇಬಲ್ ಪೂನಮ್.

“ಮೇಡಂ, ಜಲ್ದಿ ಬರ್ರಿ. ಸಾಯಿಕುಮಾರ ಬಿದ್ದಾನ್ರಿ.”

“ಬಿದ್ದಾನ ಅಂದ್ರ?”

“ಡಾಕ್ಟರ್ ತಪಾಸಣಿ ಮಾಡ್ಲಕತ್ತಿದ್ರು. ಭಾಳ ಅಂಜ್ಯಾನ, ಬಿ.ಪಿ. ಏರ್ಯಾದ ಅಂತ ಒಂದು ಸೂಜಿ ಮಾಡಿದ್ರು. ನೀರು ಬೇಕಂದ. ನಾ ತರ್ಲಕ ಹೋಗಿ ಬರೋದ್ರಾಗ ಹಂಗೇ ಕುಸದು ಬಿದ್ದಿದ್ದ.” ಪೂನಮ್ ಬಿಕ್ಕಿದಳು. “ಹೋಗ್ಯಾನ ಅಂತ ಡಾಕ್ಟರ್ ಹೇಳ್ಯಾರ್ರಿ ಮೇಡಂ.”

ಫೋನಿನ ದನಿ ಶರಣಕುಮಾರನಿಗೂ ಕೇಳಿಸಿತ್ತು.

“ಪೂನಮ್, ನಾ ಹೇಳೋದು ಕೇಳು,” ಗುರುದೇವಿ ಕೂಗಿದಳು. “ಡಾಕ್ಟರ್ ಹೇಳಿದ್ದು ಬಿಡು. ನೀ ಹೋಗು. ನೀನೇ ಮುಟ್ಟು. ಎದಿಗಿ ಕಿವಿ ಹಚ್ಚಿ ನೋಡು.”

“ನಾನೇನ್ರಿ? ಅವರು ಇಲ್ಲೇ ನಿಂತಾರಲ್ರಿ...”

“ನೀನೇ! ಯಾರು ನಿಂತಿದ್ರೂ ಸರಿ. ಮುಟ್ಟು!”

ಬೂಟಿನ ಸದ್ದು. ಕಂಬಿ ಬಾಗಿಲು ಕಿರುಗುಟ್ಟಿದ ಸದ್ದು. ಆಮೇಲೆ ಏನೂ ಇಲ್ಲ. ಗುರುದೇವಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ನಿಂತಳು. ಕೆಳಗೆ ವಚನದ ಗೋಡೆಗೆ ಒರಗಿ ಕೂತಿರುವ ಅನಸುಬಾಯಿಗೆ ಇನ್ನೂ ಏನೂ ಗೊತ್ತಿಲ್ಲ.

“ಮೇಡಂ...” ಎಂದಳು ಪೂನಮ್. “ಮೈ ಬೆಚ್ಚಗದರಿ.”

ಅವಳ ಹಿಂದಿನಿಂದ ಗಂಡಸಿನ ದನಿಯೊಂದು, ಒಂದಿಷ್ಟೂ ಅವಸರವಿಲ್ಲದ ದನಿ, ಹತ್ತಿರ ಬಂತು.

“ಈಗ ಹೋದವರ ಮೈ ಬೆಚ್ಚಗೇ ಇರ್ತದವ್ವ. ಇಲ್ಲಿ ಕೊಡು ಆ ಫೋನ್.”

ಫೋನು ಕಟ್ಟಾಯಿತು.

ಗುರುದೇವಿ ಹಾಜಿಸಾಬನನ್ನು ದಾಟಿಕೊಂಡು ಲಿಫ್ಟಿನ ಕಡೆ ಓಡಿದಳು. ಗುಂಡಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಕೆಂಪು ದೀಪ ಹತ್ತಲಿಲ್ಲ. ಹಿಂದೆ, ಅಧ್ಯಕ್ಷರ ಕೋಣೆಯಲ್ಲಿ, ಫ್ಯಾನು ಮೆಲ್ಲಗೆ ತಿರುಗುವುದನ್ನು ನಿಲ್ಲಿಸುತ್ತಿತ್ತು. ಬಾರಾ ಮಂಜಿಲ್‌ನಲ್ಲಿ ಕರೆಂಟು ಹೋಗಿತ್ತು.